77ನೇ ನಿಮಿಷಕ್ಕೆ ಎದ್ದು ಹೋದವರು

ಗ್ಯಾಲರಿ ಮಾತು – ಭಾಗ 6

ತಮ್ಮ ಟೀಮು ಗೆಲ್ತಾ ಇರುವಾಗಲೇ ಅಭಿಮಾನಿಗಳು ಆಟ ಬಿಟ್ಟು ಎದ್ದು ಹೋಗಿದ್ದನ್ನ ಯಾವತ್ತಾದ್ರೂ ಕೇಳಿದ್ದೀರಾ?

2016ರ ಫೆಬ್ರವರಿ 6, ಇಂಗ್ಲೆಂಡಿನ ಆನ್‌ಫೀಲ್ಡ್ ಮೈದಾನ. ಸಂಡರ್‌ಲ್ಯಾಂಡ್ ಮೇಲೆ ಲಿವರ್‌ಪೂಲ್ 2-0 ಮುಂದಿತ್ತು. 77ನೇ ನಿಮಿಷಕ್ಕೆ ಸರಿಯಾಗಿ ಸುಮಾರು 10 ಸಾವಿರ ಜನ ಎದ್ದು ಹೊರಗೆ ನಡೆದರು. ಯಾಕೆ 77? ಮುಂದಿನ ಸೀಸನ್ನಿಗೆ ಅತಿ ದುಬಾರಿ ಟಿಕೆಟನ್ನ 59 ಪೌಂಡಿನಿಂದ 77 ಪೌಂಡಿಗೆ ಏರಿಸ್ತೀವಿ ಅಂತ ಕ್ಲಬ್ ಹೇಳಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 7,500 ರೂಪಾಯಿ, ಒಂದು ಮ್ಯಾಚಿಗೆ!

ಅವರು ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೀತು. ಆಟ 2-2. ನಾಲ್ಕೇ ದಿನಕ್ಕೆ ಮಾಲೀಕರು ಕ್ಷಮೆ ಕೇಳಿ ಏರಿಕೆ ಕೈಬಿಟ್ಟರು. ಮುಂದಿನ ತಿಂಗಳೇ ಪ್ರೀಮಿಯರ್ ಲೀಗ್ ಕ್ಲಬ್‌ಗಳೆಲ್ಲ ಸೇರಿ, ಹೊರಗಿನ ಊರಿಂದ ಬರುವ ಎದುರು ತಂಡದ ಅಭಿಮಾನಿಗಳಿಗೆ ಟಿಕೆಟ್ 30 ಪೌಂಡ್ ಮೀರಬಾರದು ಅಂತ ಒಪ್ಪಿಕೊಂಡವು.

"ಕೊಡೋ ಶಕ್ತಿ ಇದ್ದೋರು ಬರ್ತಾರೆ ಬಿಡಿ, ಅದೂ ವ್ಯಾಪಾರ ತಾನೇ?" ಅಂತ ನೀವು ಕೇಳಬಹುದು. ಸರಿ, ಲೆಕ್ಕ ಹಾಕೋಣ. ಲೀಗಿನಲ್ಲಿ ತವರಿನ ಆಟಗಳು 19. ನನ್ನಂಥವನು ಜೀವಮಾನದಲ್ಲಿ ಒಂದ್ಸಲ ಆನ್‌ಫೀಲ್ಡ್ ನೋಡೋಕೆ ಹೋದ್ರೆ, ವಿಮಾನದ ಖರ್ಚಿನ ಮುಂದೆ 77 ಪೌಂಡು ದೊಡ್ಡದು ಅನ್ನಿಸೋದಿಲ್ಲ. ಆದ್ರೆ ಅದೇ ಊರಲ್ಲಿದ್ದು 19 ಆಟಕ್ಕೂ ಬರೋನಿಗೆ ಅದು 1,463 ಪೌಂಡು. ಮಗನನ್ನೂ ಕರ್ಕೊಂಡು ಬಂದ್ರೆ ಇನ್ನೂ ಹೆಚ್ಚು. ಹಾಗಾಗಿ ಒಂದ್ಸಲ ಬಂದು ಫೋಟೋ ತೆಗೆದು ಸ್ಕಾರ್ಫ್ ಕೊಳ್ಳೋ ನಾನೇ ಕ್ಲಬ್ಬಿಗೆ ಲಾಭದ ಗಿರಾಕಿ. ದಿನಾ ಕೂಗೋ ಅವನು ಅಲ್ಲ. ನನ್ನ ಕನಸಿನ ಸೀಟು ಅಂದ್ರೆ, ಬಹುಶಃ ಅವನು ಬಿಟ್ಟುಕೊಟ್ಟ ಸೀಟು.

ನಮ್ಮ ಟಾಕೀಸುಗಳ ಗಾಂಧಿ ಕ್ಲಾಸ್ ನೆನಪಿದೆಯಾ? ಎಲ್ಲಕ್ಕಿಂತ ಅಗ್ಗದ ಟಿಕೆಟ್, ಆದ್ರೆ ಶಿಳ್ಳೆ, ಚಿಲ್ಲರೆ ಎಸೆತ ಎಲ್ಲಾ ಅಲ್ಲಿಂದಲೇ. ಬಾಲ್ಕನಿಯವರೂ ಆ ಗದ್ದಲವನ್ನ ಸೇರಿಸಿಯೇ ಸಿನಿಮಾ ನೋಡಿದ್ದು. ಫುಟ್‌ಬಾಲಿಗೂ ಇದೇ ಮಾತು. 2020ರಲ್ಲಿ ಕೊರೊನಾದಿಂದ ಖಾಲಿ ಸ್ಟೇಡಿಯಂನಲ್ಲಿ ಆಡಿಸಿದಾಗ ಟಿವಿಯವರು ಏನು ಮಾಡಿದ್ರು ಗೊತ್ತಲ್ಲ? ರೆಕಾರ್ಡ್ ಮಾಡಿದ ಜನರ ಕೂಗನ್ನ ಸೇರಿಸಿದ್ರು. ಆ ಸದ್ದಿಲ್ದೆ ಆಟ ಮಾರೋಕೆ ಆಗಲ್ಲ ಅಂತ ಅವರಿಗೇ ಗೊತ್ತಿತ್ತು.

ಇದರ ಹಿಂದೆ ಇನ್ನೊಂದು ನೋವಿನ ಕಥೆ ಇದೆ. 1989ರ ಹಿಲ್ಸ್‌ಬರೋ ದುರಂತದಲ್ಲಿ 97 ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಆಮೇಲೆ ಬಂದ ಟೇಲರ್ ವರದಿ, ದೊಡ್ಡ ಸ್ಟೇಡಿಯಂಗಳಲ್ಲಿ ಎಲ್ಲರಿಗೂ ಸೀಟು ಇರಬೇಕು ಅಂತ ಹೇಳಿತು. ನಿಂತು ನೋಡುವವರ ಜೇಬಿಗೆ ನಿಲುಕುವ ಸೀಟುಗಳೂ ಇರಬೇಕು ಅಂತಲೂ ಹೇಳಿತ್ತು. ಸೀಟುಗಳೇನೋ ಬಂದವು. ಎರಡನೇ ಮಾತನ್ನ ಮರೆತರು.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಜರ್ಮನಿಯಲ್ಲಿ '50+1' ಅಂತ ನಿಯಮ ಇದೆ. ಕೆಲವು ಕ್ಲಬ್‌ಗಳನ್ನ ಬಿಟ್ಟರೆ, ಹೆಚ್ಚಿನ ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಡಾರ್ಟ್‌ಮಂಡ್‌ನ 'ಹಳದಿ ಗೋಡೆ'ಯಲ್ಲಿ ಸುಮಾರು 25 ಸಾವಿರ ಜನ ಇವತ್ತಿಗೂ ಕಡಿಮೆ ದರದಲ್ಲಿ ನಿಂತು ಆಟ ನೋಡ್ತಾರೆ. ಆ ಗೋಡೆಯನ್ನ ನೋಡೋಕೇ ಪ್ರಪಂಚದ ಮೂಲೆಯಿಂದ ಜನ ಹೋಗ್ತಾರೆ.

ಮೊಬೈಲಲ್ಲಿ ಮ್ಯಾಚ್ ನೋಡೋ ನಾವೂ ಈ ವ್ಯಾಪಾರದ ಒಂದು ತುದಿಯಲ್ಲಿದ್ದೀವಿ. ನಮ್ಮಂಥವರ ಚಂದಾ ದುಡ್ಡು ಟಿವಿ ಹಕ್ಕಿನ ಮೂಲಕ ಆ ಕ್ಲಬ್‌ಗಳಿಗೇ ಸೇರೋದು. ಅಲ್ಲಿನ ಡ್ರೈವರ್, ನರ್ಸ್, ಕಾಲೇಜ್ ಹುಡುಗನಿಗೆ ಟಿಕೆಟ್ ಎಟುಕದೆ ಹೋದ್ರೆ ನಮಗೇನು ಅಂತ ಸುಮ್ಮನಿರೋಕಾಗಲ್ಲ. ಅವರು ಹೊರಗುಳಿದ ದಿನ ನಾವು ದುಡ್ಡು ಕೊಟ್ಟು ನೋಡೋದು ಬರೀ 22 ಜನರ ಓಡಾಟ.

ನಿಮ್ಮ ಊರಲ್ಲಿ ಟಿಕೆಟ್ ರೇಟ್ ನೋಡಿ ವಾಪಸ್ ಬಂದ ಆಟ ಯಾವುದು? ಕಾಮೆಂಟಲ್ಲಿ ಹೇಳಿ, ಓದ್ತೀನಿ.

#ಗ್ಯಾಲರಿಮಾತು #ಫುಟ್‌ಬಾಲ್