ಮಂಗಳವಾರದ ಗಿರಾಕಿಗಳು

ಮಡಿಕೇರಿಯವಳು ಅಂತ ಗೊತ್ತಾದ ತಕ್ಷಣ ಆಫೀಸಿನಲ್ಲಿ ಜನ ಕೇಳೋದು ಎರಡೇ ಪ್ರಶ್ನೆ. ಒಂದು, "ನಿಮ್ದು ಎಷ್ಟು ಎಕರೆ ಕಾಫಿ ತೋಟ?" ಎರಡು, "ಈ ವೀಕೆಂಡ್ ಬರ್ತಿದ್ದೀವಿ, ಊಟ ಎಲ್ಲಿ ಚೆನ್ನಾಗಿರುತ್ತೆ?" ಮೊದಲನೆಯದಕ್ಕೆ ಉತ್ತರ ಸುಲಭ. ಒಂದು ಸೆಂಟು ಜಾಗವೂ ಇಲ್ಲ. ನಮಗಿರೋದು ಪೇಟೆಯೊಳಗೆ ಎಂಟು ಟೇಬಲ್ಲಿನ ಒಂದು ಹೋಟೆಲು, ಅದೂ ಬಾಡಿಗೆ ಕಟ್ಟಡದಲ್ಲಿ. ಎರಡನೇ ಪ್ರಶ್ನೆಗೆ ಲಿಫ್ಟ್ ಬರೋದರೊಳಗೆ ಉತ್ತರ ಹೇಳೋಕಾಗಲ್ಲ. ಅದಕ್ಕೇ ಬರೀತಿದ್ದೀನಿ. ನಮ್ಮ ಹೋಟೆಲಿನ ಹೆಸರು ಮಾತ್ರ ಹೇಳಲ್ಲ. ಹೇಳಿದರೆ ಇದು ಜಾಹೀರಾತು ಅಂತೀರಿ.

ಅಪ್ಪ ಪುತ್ತೂರು ಕಡೆಯವರು. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ, ಯಾರದೋ ಹೋಟೆಲಿನಲ್ಲಿ ಸಪ್ಲೈಯರ್. ಇವತ್ತು ಪ್ರವಾಸಿಗರು 'ಕೂರ್ಗ್ ಹೋಟೆಲ್' ಅಂತ ಹುಡುಕೋ ಪೇಟೆಯಲ್ಲಿ ಹೋಟೆಲ್ ನಡೆಸಿದವರಲ್ಲಿ ಬಹಳಷ್ಟು ಜನ ಹೀಗೆ ಘಾಟಿ ಹತ್ತಿ ಬಂದವರು, ಇಲ್ಲವೇ ಕೇರಳದ ಗಡಿ ದಾಟಿ ಬಂದವರು. ಕೊಡವರ ಅಡುಗೆ ಇದ್ದದ್ದು ಮನೆಗಳಲ್ಲಿ, ಮದುವೆಗಳಲ್ಲಿ, ಹಬ್ಬಗಳಲ್ಲಿ. ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡೋದನ್ನ ಪೇಟೆಯಲ್ಲಿ ದುಡ್ಡು ಕೊಟ್ಟು ಯಾರು ತಿಂತಾರೆ? ನಮ್ಮ ಹೋಟೆಲಿಗೆ ಪಂದಿಕರಿ ಬಂದದ್ದೂ ಪಕ್ಕದ ಮನೆಯ ಆಂಟಿಯಿಂದ. ಅಮ್ಮನಿಗೆ ಅವರು ಹೇಳಿಕೊಟ್ಟದ್ದು ಮೂರು ಕಟ್ಟಪ್ಪಣೆ: ಎಣ್ಣೆ ಸುರಿಯಬಾರದು, ಹಂದಿಯ ಕೊಬ್ಬೇ ಸಾಕು. ಜೀರಿಗೆ, ಕೊತ್ತಂಬರಿ, ಮೆಣಸು, ಸಾಸಿವೆ, ಮೆಂತ್ಯವನ್ನ ಕಪ್ಪಗಾಗೋವರೆಗೂ ಹುರೀಬೇಕು, ಆದರೆ ಸೀಯಬಾರದು. ಕಾಚಂಪುಳಿ ಕೊನೆಯಲ್ಲಿ. ಪಣಪುಳಿ ಹಣ್ಣನ್ನ ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕಿದ ರಸವನ್ನ ಕಾಯಿಸಿ ಕಾಯಿಸಿ ಇಂಗಿಸಿದರೆ ಸಿಗೋ ಆ ಕಪ್ಪು ಹುಳಿ ಇಲ್ಲದಿದ್ದರೆ ಅದು ಬರೀ ಹಂದಿ ಸಾರು. ಒಂದು ಬಾಟಲಿ ವರ್ಷಗಟ್ಟಲೆ ಕೆಡಲ್ಲ. ಅಮ್ಮನ ಅಡುಗೆಮನೆಯಲ್ಲಿ ಬೀಗ ಹಾಕಿಟ್ಟಿದ್ದ ಏಕೈಕ ವಸ್ತು ಅದು.

ಇನ್ನು ನಮ್ಮ ಹೋಟೆಲಿನ ವಾರದ ಲೆಕ್ಕ ಹೇಳ್ತೀನಿ, ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಸೋಮವಾರದಿಂದ ಗುರುವಾರದವರೆಗೆ ಬರೋರು ಕೋರ್ಟಿನ ಗುಮಾಸ್ತರು, ಬಸ್ಸಿನ ಡ್ರೈವರ್ ಕಂಡಕ್ಟರ್‌ಗಳು, ಲೈನ್‌ಮನ್‌ಗಳು, ಆಸ್ಪತ್ರೆಗೆ ಬಂದ ಹಳ್ಳಿಯವರು. ಶುಕ್ರವಾರ ಸಂತೆ. ಸುತ್ತಲಿನ ಊರಿನವರು ಚೀಲ ಹೊತ್ತುಕೊಂಡು ಬಂದು, ಚೀಲವನ್ನ ಟೇಬಲ್ ಕೆಳಗಿಟ್ಟು, ಕಾಲಲ್ಲಿ ಒತ್ತಿಹಿಡಿದು ಊಟ ಮಾಡ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರಿಂದ 260 ಕಿಲೋಮೀಟರ್ ಓಡಿಸಿಕೊಂಡು ನೀವು ಹೊರಡ್ತೀರಿ. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಊರು ನಿಮ್ಮದು. 2011ರ ಜನಗಣತಿಯ ಪ್ರಕಾರ ಸುಮಾರು 33 ಸಾವಿರ ಜನ ಇರೋ ಪೇಟೆ ಇದು. ರಾಜಾಸೀಟ್ ರಸ್ತೆಯಲ್ಲಿ ಕಾರುಗಳ ಸಾಲು ನೋಡಿದರೆ ಅದರ ಎರಡು ಪಟ್ಟು ಜನ ಬಂದಿದ್ದಾರೇನೋ ಅನಿಸುತ್ತೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಪ್ರವಾಸಿಗರನ್ನ ಬೈಯೋದು ನನ್ನ ಉದ್ದೇಶ ಅಲ್ಲ. ನಾಲ್ಕು ವಾರದ ದಿನಗಳಲ್ಲಿ ಬರೋದಕ್ಕಿಂತ ಹೆಚ್ಚು ದುಡ್ಡು ಆ ಒಂದೂವರೆ ದಿನದಲ್ಲಿ ಬರುತ್ತೆ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ನೀವೇ. ಧನ್ಯವಾದಗಳು.

ಆದರೆ ಶನಿವಾರದ ಅಡುಗೆಯೇ ಬೇರೆ. ವಾರದ ದಿನ ಬೋರ್ಡಿನಲ್ಲಿ ನಾಲ್ಕೇ ಸಾಲು ಇರ್ತಿತ್ತು: ಊಟ, ಮೀನು, ಕೋಳಿ, ಪಂದಿಕರಿ ಕಡಂಬುಟ್ಟು. ಮಳೆಗಾಲದಲ್ಲಿ ಐದನೇ ಸಾಲು ಕಣಿಲೆ ಪಲ್ಯ, ಅದೃಷ್ಟ ಇದ್ದರೆ ಅಣಬೆ. ಶನಿವಾರ ಬಂದವರು ಕೇಳಿದ್ದು ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ಫ್ರೈಡ್ ರೈಸ್. "ಅಂಕಲ್, ಪಂದಿಕರಿ ಜೊತೆ ಬಟರ್ ನಾನ್ ಸಿಗುತ್ತಾ?" ಅಂತಲೂ ಒಬ್ಬರು ಕೇಳಿದ್ದುಂಟು. ಮಕ್ಕಳಿರೋರು ಪಾಪ ಏನು ಮಾಡ್ತಾರೆ, ಹಟ ಹಿಡಿದ ಮಗುವಿಗೆ ಕಡಂಬುಟ್ಟು ತಿನ್ನಿಸೋಕಾಗುತ್ತಾ? ಅಪ್ಪ ಎರಡನೇ ಬೋರ್ಡು ಬರೆಸಿದರು. ಶನಿವಾರ ಅದನ್ನ ನೇತುಹಾಕೋದು, ಸೋಮವಾರ ತೆಗೆದು ಗೋಡೆಗೆ ಮುಖ ಮಾಡಿ ಇಡೋದು. ಚಿಕ್ಕವಳಿದ್ದಾಗ ಬೋರ್ಡು ಬದಲಿಸೋ ಕೆಲಸ ನನ್ನದೇ.

ಎರಡನೇ ಬೋರ್ಡಿನ ತೊಂದರೆ ರುಚಿಯದ್ದಲ್ಲ. ನಮ್ಮ ಗೋಬಿ ಮಂಚೂರಿ ಚೆನ್ನಾಗೇ ಇರುತ್ತೆ. ತೊಂದರೆ ಒಲೆಯದ್ದು. ಅಡುಗೆಮನೆಯಲ್ಲಿ ಇರೋದು ಮೂರು ಒಲೆ, ಇಬ್ಬರು ಅಡುಗೆಯವರು. ನಲವತ್ತು ಬಗೆ ಮಾಡಬೇಕಂದರೆ ಫ್ರಿಜ್ಜಿನಲ್ಲಿ ಮೊದಲೇ ಮಾಡಿಟ್ಟ ಗ್ರೇವಿ ಬೇಕು, ಮೈಸೂರಿಂದ ಪನೀರ್ ಬರಬೇಕು. ಕೊಡಗಿಗೆ ಇವತ್ತಿಗೂ ರೈಲಿಲ್ಲ, ಬರೋದೆಲ್ಲ ರಸ್ತೆಯ ಮೇಲೆಯೇ. ಆ ಗಲಾಟೆಯಲ್ಲಿ ಮೊದಲು ಜಾಗ ಕಳೆದುಕೊಳ್ಳೋದು ನಿಧಾನದ ಅಡುಗೆ. ಕಣಿಲೆಯನ್ನ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಸಿ, ನೀರು ಬದಲಾಯಿಸ್ತಾ ಇರಬೇಕು. ಹಸಿಯಾಗಿ ತಿನ್ನೋ ವಸ್ತುವಲ್ಲ ಅದು, ವಿಷದ ಅಂಶ ಇರುತ್ತೆ. ಕಡಂಬುಟ್ಟಿಗೆ ಅಕ್ಕಿ ತರಿ ಬೇಯಿಸಿ, ಬಿಸಿ ಇರುವಾಗಲೇ ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸಬೇಕು. ಹೊರಗೆ ಇಪ್ಪತ್ತು ಜನ ನಿಂತು ಫೋನ್ ನೋಡ್ತಾ "ಇನ್ನೂ ಎಷ್ಟೊತ್ತು?" ಅಂತಿರುವಾಗ ಯಾರು ಉಂಡೆ ಕಟ್ತಾರೆ?

ಅದಕ್ಕೇ ನೀವು ಶನಿವಾರ ಬಂದು "ಮಡಿಕೇರಿಯಲ್ಲೂ ಬೆಂಗಳೂರಿನ ಊಟವೇ ಸಿಗುತ್ತೆ" ಅಂದರೆ ಅದು ನಿಜವೇ. ಬೆಂಗಳೂರಿನವರು ಬಂದಾಗ ಬೆಂಗಳೂರಿನ ಊಟ ತಯಾರಾಗುತ್ತೆ.

ಇನ್ನೊಂದು ದಾರಿಯೂ ಇದೆ. ಎಲ್ಲ ಸೇರಿದ ಪ್ಯಾಕೇಜು. ರೂಮು, ಬೆಳಗಿನ ತಿಂಡಿ, ರಾತ್ರಿ ಬಫೆ, ಬೆಂಕಿ ಸುತ್ತ ಕೂರೋ ಕಾರ್ಯಕ್ರಮ. ಬಫೆಯ ಒಂದು ಮೂಲೆಯಲ್ಲಿ 'ಸ್ಥಳೀಯ ವಿಶೇಷ' ಅನ್ನೋ ಚೀಟಿಯ ಹಿಂದೆ ಪಂದಿಕರಿ ಸಣ್ಣ ಉರಿಯಲ್ಲಿ ಒಣಗ್ತಾ ಇರುತ್ತೆ. ಬಂದವರು ಗೇಟಿನಿಂದ ಹೊರಗೆ ಬರೋದೇ ಅಬ್ಬಿ ಜಲಪಾತ ನೋಡೋಕೆ. ಊರಿನ ರಸ್ತೆ, ಊರಿನ ನೀರು, ಊರಿನ ತಂಪು ಗಾಳಿ ಎಲ್ಲ ಬಳಸಿ, ಊರಿನ ಒಂದು ಹೋಟೆಲಿನ ಮೆಟ್ಟಿಲೂ ಹತ್ತದೆ ವಾಪಸಾಗ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯೋ ಜಿಲ್ಲೆಗೆ ಬಂದು, ರೂಮಿನಲ್ಲಿಟ್ಟ ಇನ್‌ಸ್ಟಂಟ್ ಪೊಟ್ಟಣ ಕಲಸಿ ಕುಡೀತಾರೆ. ಪೇಟೆಯ ಯಾವುದಾದರೂ ಸಣ್ಣ ಅಂಗಡಿಯಲ್ಲಿ ಬೆಲ್ಲದ ಕಾಫಿ ಕೇಳಿ ನೋಡಿ. ಹಾಲಿಲ್ಲದ, ತೆಳ್ಳಗಿನ, ದೊಡ್ಡ ಲೋಟದ ಕಾಫಿ. ಮಳೆಯಲ್ಲಿ ಅದರ ಬೆಲೆ ಗೊತ್ತಾಗುತ್ತೆ.

ಮಳೆ ಅಂದಾಗ 2018ರ ಆಗಸ್ಟ್ ನೆನಪಾಗದೆ ಇರಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ನೋಡಿದ ಊರಿಗೇ ಆ ಮಳೆ ಹೊಸದು. ಗುಡ್ಡಗಳು ಜಾರಿದವು. ಮನೆಗಳು, ತೋಟಗಳು ಹೋದವು, ಜನ ಸತ್ತರು. ಜೋಡುಪಾಲದ ಕಡೆ ಭೂಕುಸಿತವಾಗಿ ಸಂಪಾಜೆ ಘಾಟಿ ರಸ್ತೆ ಮುಚ್ಚಿತು. ಮಂಗಳೂರಿಂದ ಬರ್ತಿದ್ದ ಮೀನಿನ ಗಾಡಿ ನಿಂತಿತು. ಪ್ರವಾಸಿಗರು ಸದ್ಯಕ್ಕೆ ಬರೋದು ಬೇಡ ಅಂತ ಜಿಲ್ಲಾಡಳಿತವೇ ಹೇಳಿತು. ಅದು ಸರಿಯಾದ ಮಾತೇ. ಆದರೆ ನಿಷೇಧ ತೆಗೆದ ಮೇಲೂ ತಿಂಗಳುಗಟ್ಟಲೆ ಜನ ಬರಲಿಲ್ಲ.

ಎರಡನೇ ಬೋರ್ಡು ಆ ಅಷ್ಟೂ ದಿನ ಗೋಡೆಗೆ ಮುಖ ಮಾಡಿಕೊಂಡೇ ಇತ್ತು. ನಮ್ಮ ರಸ್ತೆಯಲ್ಲಿ ಬರೀ ಶನಿವಾರವನ್ನ ನಂಬಿ ಶುರುವಾಗಿದ್ದ ಎರಡು ಹೋಟೆಲು ಬಾಗಿಲು ಹಾಕಿದವು. ನಮ್ಮದು ಹಾಕಲಿಲ್ಲ. ಅಪ್ಪನ ಜಾಣತನ ಏನಲ್ಲ ಅದು. ಲೈನ್‌ಮನ್‌ಗಳಿಗೆ ಹಗಲೂ ರಾತ್ರಿ ಕೆಲಸ, ಅವರಿಗೆ ಊಟ ಬೇಕಿತ್ತು. ಪರಿಹಾರ ಕೇಂದ್ರಗಳಲ್ಲಿ ಕೆಲಸ ಮಾಡ್ತಿದ್ದವರಿಗೆ ಬೇಕಿತ್ತು. ಅಮ್ಮ ಗಂಜಿ, ಚಟ್ನಿ, ಒಣಮೀನು ಮಾಡಿದರು, ಅಷ್ಟೇ. ದುಡ್ಡಿಲ್ಲದವರು ಪುಸ್ತಕದಲ್ಲಿ ಬರೆಸಿದರು. ಬಹುಪಾಲು ಜನ ಆಮೇಲೆ ಕೊಟ್ಟರು. ಕೊಡದವರ ಹೆಸರು ಅಪ್ಪ ಇವತ್ತಿಗೂ ಬಾಯಿಬಿಟ್ಟಿಲ್ಲ. 2020ರಲ್ಲಿ ಲಾಕ್‌ಡೌನ್ ಬಂದಾಗಲೂ ಇದೇ ಕಥೆ, ಪಾರ್ಸೆಲ್ ರೂಪದಲ್ಲಿ.

ನಮ್ಮ ಎಂಟು ಟೇಬಲ್ಲಿನಲ್ಲಿ ಎರಡನ್ನ ಶನಿವಾರವೂ ಅಪ್ಪ ಬಿಟ್ಟುಕೊಡಲ್ಲ. ಕೈ ತೊಳೆಯೋ ಜಾಗದ ಪಕ್ಕದವು. ಹೊರಗೆ ಎಷ್ಟೇ ಕ್ಯೂ ಇರಲಿ, ಅವು ದಿನಾ ಬರೋರಿಗೆ, ಹಳೇ ರೇಟಿಗೆ. ಇದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು ಬೈದವರಿದ್ದಾರೆ: 'ಟೇಬಲ್ ಖಾಲಿ ಇದ್ದರೂ ನಮ್ಮನ್ನ ನಿಲ್ಲಿಸಿದರು.' ನಾನು ಅದನ್ನ ಓದಿ ಹೇಳಿದಾಗ ಅಪ್ಪ ಅಂದರು, "ಎಂತ ಮಾಡೂದು ಮಗಾ? ಅವ್ರು ಇನ್ನು ಬರೂದು ಮುಂದಿನ ವರ್ಷ. ಇವ್ರು ನಾಳೆ ಬರ್ತಾರೆ."

ಈಗ ವಿಷಯ ಏನಂದರೆ, ಅಪ್ಪನಿಗೆ ಅರವತ್ತಾರು. ಅಮ್ಮನ ಮಂಡಿ ನೋವು ಹೆಚ್ಚಾಗಿದೆ. ನಾನು ಇಲ್ಲಿ ವೈಟ್‌ಫೀಲ್ಡಿನಲ್ಲಿ ಕೂತಿದ್ದೀನಿ. ಕಳೆದ ವರ್ಷ ಒಂದು ಪಾರ್ಟಿ ಬಂದು ಹೋಟೆಲನ್ನ ತಮಗೆ ಬಿಟ್ಟುಕೊಡಿ ಅಂತ ಕೇಳಿತು. ಗಾಜಿನ ಮುಂಭಾಗ, ಮಹಡಿಯ ಮೇಲೆ ಬೆಟ್ಟ ಕಾಣೋ ಸೀಟು, ಮಲ್ಟಿ ಕ್ಯುಸಿನ್. ನಾವು ಎರಡು ತಿಂಗಳು ದುಡಿದು ಉಳಿಸೋದನ್ನ ಅವರು ತಿಂಗಳು ತಿಂಗಳು ಕೂತಲ್ಲೇ ಕೊಡ್ತಾರಂತೆ. ಸ್ಪ್ರೆಡ್‌ಶೀಟಿನಲ್ಲಿ ಹಾಕಿ ನೋಡಿದೆ. ಎಲ್ಲ ಕಾಲಮ್ಮಿನಲ್ಲೂ 'ಕೊಟ್ಟುಬಿಡಿ' ಅಂತಲೇ ಬರುತ್ತೆ. ಅಪ್ಪನಿಗೂ ಹಾಗೇ ಹೇಳಿದೆ. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಅವರು ವಿಶ್ರಾಂತಿ ತಗೊಳ್ಳಬೇಕು. ಅಪ್ಪ ಕೇಳಿದ್ದು ಒಂದೇ: "ಮಂಗಳವಾರ ಅವ್ರ ಊಟಕ್ಕೆ ರೇಟು ಎಷ್ಟಂತೆ?" ಪಾರ್ಟಿಯ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಅವರ ಲೆಕ್ಕದಲ್ಲಿ ಮಂಗಳವಾರ ರಜೆ. "ಈ ಮಳೆಗಾಲ ಒಂದು ಕಳೀಲಿ" ಅಂದರು ಅಪ್ಪ. ಕಳೆದ ಮಳೆಗಾಲಕ್ಕೂ ಅದನ್ನೇ ಅಂದಿದ್ದರು.

ಸರಿ, ಇನ್ನು ನಿಮ್ಮ ಪ್ರಶ್ನೆಗೆ ಬರ್ತೀನಿ. ಊಟ ಎಲ್ಲಿ ಚೆನ್ನಾಗಿರುತ್ತೆ?

ಸಾಧ್ಯವಾದರೆ ವಾರದ ದಿನ ಬನ್ನಿ. ಮನೆಯಿಂದ ಕೆಲಸ ಮಾಡೋಕೆ ಅನುಮತಿ ಇದ್ದರೆ ಮಡಿಕೇರಿಯಿಂದಲೂ ಮಾಡಬಹುದು. ಮಳೆಯಲ್ಲಿ ಕರೆಂಟು ಹೋದರೆ ಮ್ಯಾನೇಜರ್‌ಗೆ ನೀವೇ ಹೇಳಿಕೊಳ್ಳಿ. ರೂಮು ಮಾಡುವಾಗ ತಿಂಡಿಗೆ ಮಾತ್ರ ಒಪ್ಪಿ, ಒಂದು ಊಟವನ್ನಾದರೂ ಪೇಟೆಗೆ ಉಳಿಸಿ. ಮಧ್ಯಾಹ್ನ ಒಂದು ಗಂಟೆಗೆ ಯಾವ ಹೋಟೆಲಿನ ಮುಂದೆ ಕರಿ ಕೋಟಿನವರು, ಖಾಕಿಯವರು ಕೈ ಒರೆಸಿಕೊಳ್ತಾ ಹೊರಗೆ ಬರ್ತಿದ್ದಾರೋ ಅಲ್ಲಿಗೆ ಹೋಗಿ. ಅದು ಮಲಯಾಳಿ ಕಾಕನ ಪರೋಟ ಅಂಗಡಿಯಾದರೂ ಚಿಂತೆಯಿಲ್ಲ. ಬರುವ ದಾರಿಯಲ್ಲಿ ಬೈಲುಕುಪ್ಪೆ ಸಿಗುತ್ತಲ್ಲ, 1961ರಿಂದ ಟಿಬೆಟನ್ನರು ನೆಲೆಸಿರೋ ಊರು. ಅಲ್ಲಿ ಅವರು ಮನೆಯಲ್ಲಿ ತಿನ್ನೋ ತುಕ್ಪಾ ಈಗ ಅಲ್ಲಿನ ಊಟವೇ. ಊರಿನ ಊಟ ಅಂದರೆ ಹಳೆಯದೇ ಆಗಿರಬೇಕಿಲ್ಲ. ಮಾಡೋರೂ ಅದನ್ನೇ ತಿಂತಿದ್ದರೆ ಸಾಕು.

ಸಸ್ಯಾಹಾರಿಗಳು ಹೆದರಬೇಡಿ. ಅಕ್ಕಿ ರೊಟ್ಟಿ, ನೂಪುಟ್ಟು, ಪಾಪುಟ್ಟು, ಕಣಿಲೆ ಎಲ್ಲ ನಿಮ್ಮವೇ. ಆಗಸ್ಟ್ ಮೊದಲ ವಾರ ಬಂದರೆ, ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ಮಾಡ್ತಾರೆ, ಯಾರಾದರೂ ಕೊಟ್ಟರೆ ಬೇಡ ಅನ್ನಬೇಡಿ. ಬಣ್ಣ ನೇರಳೆ. ಮರುದಿನ ಬಾತ್‌ರೂಮಿನಲ್ಲಿ ಮೂತ್ರ ಕೆಂಪಗೆ ಕಂಡರೆ ಡಾಕ್ಟರಿಗೆ ಫೋನ್ ಮಾಡಬೇಡಿ, ಅದು ಸೊಪ್ಪಿನ ಬಣ್ಣ.

ಶನಿವಾರವೇ ಬರಬೇಕು, ಬೇರೆ ದಾರಿಯಿಲ್ಲ ಅಂತೀರಾ? ಬನ್ನಿ. ಕೂತ ಮೇಲೆ ಮೆನು ಕಾರ್ಡು ಕೇಳಬೇಡಿ. "ಇವತ್ತು ನೀವೆಲ್ಲ ಏನು ತಿಂತೀರಿ?" ಅಂತ ಕೇಳಿ. ಸಪ್ಲೈಯರ್ ಒಂದು ಕ್ಷಣ ನಿಮ್ಮ ಮುಖ ನೋಡ್ತಾನೆ, ಒಳಗೆ ಹೋಗಿ ಅಡುಗೆಯವರನ್ನ ಕೇಳಿ ಬರ್ತಾನೆ. ಸ್ವಲ್ಪ ತಡ ಆಗಬಹುದು. ಬಂದದ್ದು ಬರೀ ಸಾರು ಅನ್ನ, ಒಣಮೀನಿನ ಚಟ್ನಿ ಆಗಿರಬಹುದು. ತಿಂದು ನೋಡಿ. ಕೈ ತೊಳೆಯೋ ಜಾಗದ ಪಕ್ಕ ಎರಡು ಟೇಬಲ್ ಖಾಲಿ ಕಂಡರೆ ಮಾತ್ರ ಅಲ್ಲಿ ಕೂರಬೇಡಿ. ಅವರು ಈಗ ಬರ್ತಾರೆ.