ಭಾಗ 5: ಮೂರು ಚಿಪ್ ಸುಟ್ಟ ಕಥೆ

ಕಳೆದ ಪೋಸ್ಟ್‌ನಲ್ಲಿ ನಮ್ಮ ಪುಟ್ಟ ಟೆಸ್ಲಾ ಕಾಯಿಲ್‌ನ ನೇರಳೆ ಕಿಡಿ ನೋಡಿ, "ವಿಡಿಯೋ 11 ಸೆಕೆಂಡಿಗೇ ಯಾಕೆ ನಿಲ್ತು?" ಅಂತ ತುಂಬಾ ಜನ ಕೇಳಿದ್ರಿ. ಉತ್ತರ ಈ ಫೋಟೋದಲ್ಲಿದೆ. 12ನೇ ಸೆಕೆಂಡಿಗೆ ಈ ಚಿಪ್ ಸತ್ತಿತು.

ಹೆಸರು 74ಎಚ್‌ಸಿ14. ಒಳಗೆ ಆರು ಇನ್ವರ್ಟರ್. ಕರೆಂಟ್ ಹೋದಾಗ ಫ್ಯಾನ್ ತಿರುಗಿಸೋ ಇನ್ವರ್ಟರ್ ಅಲ್ಲ, ಲಾಜಿಕ್ ಇನ್ವರ್ಟರ್. 0 ಕೊಟ್ರೆ 1, 1 ಕೊಟ್ರೆ 0, ಅಷ್ಟೇ ಕೆಲಸ. ಕಾಯಿಲ್ ಪಕ್ಕದ ಆಂಟೆನಾ ತಂತಿ ಹಿಡಿದ ಅಲೆಯನ್ನ ಚೌಕಾಕಾರದ ಸಿಗ್ನಲ್ ಮಾಡಿ ಮುಂದಕ್ಕೆ ಕಳಿಸುತ್ತೆ. ಪಕ್ಕದಲ್ಲಿ ಸಾವಿರಾರು ವೋಲ್ಟ್. ಇದು ನಡೆಯೋದು 2ರಿಂದ 6 ವೋಲ್ಟ್‌ನಲ್ಲಿ.

ಹೊಸ ಚಿಪ್ ಹಾಕಿದ್ವಿ. ಅದೂ ಹೋಯ್ತು. "ನಿನ್ನ ಸೋಲ್ಡರಿಂಗೇ ಸರಿ ಇಲ್ಲ ಕಣೋ" ಅಂತ ರೂಮ್‌ಮೇಟ್ ಮೇಲೆ ಕೂಗಾಡಿದೆ. ಅವನು ಮಾತಾಡದೆ ಎದ್ದು ಹೋದ. ಆಮೇಲೆ ನಾನೊಬ್ಬನೇ ಹಾಕಿದ ಮೂರನೇದೂ ಸುಟ್ಟಿತು.

ಬಿಕಾಂನವರಿಗೆ ಗೊತ್ತು: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಮುಂದೆ ಹೋಗಬಹುದು. ತಪ್ಪು ಮಾತ್ರ ಅಲ್ಲೇ ಇರುತ್ತೆ. ಚಿಪ್ ಬದಲಾಯಿಸ್ತಾ ನಾನು ಮಾಡ್ತಿದ್ದದ್ದು ಅದೇ.

ಕೊನೆಗೆ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಸತ್ತ ಚಿಪ್‌ನ ಬ್ರೆಡ್‌ಬೋರ್ಡ್ ಮೇಲಿಟ್ಟೆ. 14ನೇ ಪಿನ್‌ಗೆ 5 ವೋಲ್ಟ್, 7ನೇದಕ್ಕೆ ಗ್ರೌಂಡ್. ಒಂದನೇ ಪಿನ್‌ನ ಗ್ರೌಂಡಿಗೆ ಕೊಟ್ರೆ ಎರಡನೇ ಪಿನ್‌ನಲ್ಲಿ 5 ವೋಲ್ಟ್ ಹತ್ತಿರ ಬರಬೇಕು, 5 ವೋಲ್ಟ್ ಕೊಟ್ರೆ ಸೊನ್ನೆ. ನನ್ನ ಮೀಟರ್ ಎರಡೂ ಸಲ 2.1 ತೋರಿಸ್ತು. ಹೀಗೇ ಉಳಿದ ಐದನ್ನೂ ನೋಡಿದೆ: 3ರಿಂದ 4, 5ರಿಂದ 6, 9ರಿಂದ 8, 11ರಿಂದ 10, 13ರಿಂದ 12. ಎಲ್ಲಾ ಚೆನ್ನಾಗಿವೆ!

ಸತ್ತದ್ದು ಆಂಟೆನಾಗೆ ಸೇರಿದ ಒಂದೇ ಗೇಟ್. ಅಂದ್ರೆ ಪೆಟ್ಟು ಬಿದ್ದಿದ್ದು ಆಂಟೆನಾ ಕಡೆಯಿಂದ. ಚಿಪ್ ಒಳಗೆ ರಕ್ಷಣೆಯ ಡಯೋಡ್ ಇರುತ್ತೆ, ಆದ್ರೆ ಅದು ತಡೆಯೋದು ಸುಮಾರು 20 ಮಿಲಿಆಂಪ್ ಮಾತ್ರ. ಹೊರಗೆ ಎರಡು 1ಎನ್4148 ಡಯೋಡ್ ಬೇಕಿತ್ತು: ಇನ್‌ಪುಟ್‌ನಿಂದ 5 ವೋಲ್ಟ್‌ಗೆ ಒಂದು, ಗ್ರೌಂಡ್‌ನಿಂದ ಇನ್‌ಪುಟ್‌ಗೆ ಇನ್ನೊಂದು. ಸರ್ಕ್ಯೂಟ್ ಚಿತ್ರದಲ್ಲಿ ಎರಡೂ ಇದ್ದವು. "ಇವು ಯಾಕೆ ಬೇಕು" ಅಂತ ಬಿಟ್ಟಿದ್ದು ನಾನು. ಸೋಲ್ಡರಿಂಗ್ ಸರಿಯಾಗೇ ಇತ್ತು.

ರೂಮ್‌ಮೇಟ್ ಹತ್ರ ಹೋಗಿ, "ತಪ್ಪು ನಂದು ಕಣೋ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಡಯೋಡ್ ಎಲ್ಲಿ ಹಾಕ್ಬೇಕು, ತೋರ್ಸು" ಅಂದ.

ನಾಲ್ಕನೇ ಚಿಪ್ ಇನ್ನೂ ಬದುಕಿದೆ. ಖಾಲಿ ಇನ್‌ಪುಟ್‌ಗಳನ್ನ ಗ್ರೌಂಡಿಗೆ ಕಟ್ಟಿದ್ದೀವಿ, 14 ಮತ್ತು 7ರ ಮಧ್ಯೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂಡ ಇದೆ.

ಒಂದು ಮಾತು: ಕಾಯಿಲ್ ಆನ್ ಇದ್ದಾಗ ಮೀಟರ್ ಹಿಡಿದು ಕೈ ಹಾಕಬೇಡಿ. ಚಿಪ್ ಇನ್ನೊಂದು ಸಿಗುತ್ತೆ.

ನೀವು ಸುಮ್‌ಸುಮ್ನೆ ಯಾರನ್ನ ಬೈದಿದ್ರಿ? ಕಾಮೆಂಟ್ ಬೇಡ, ಅವರಿಗೇ ಮೆಸೇಜ್ ಮಾಡಿ.

#ಟೆಸ್ಲಾಕಾಯಿಲ್ #ರೂಮ್‌ಲ್ಯಾಬ್ #ಬಿಕಾಂಹುಡುಗ