ತಾತಗುಣಿ ತೋಟದ ಮನೆಯಿಂದ ನಾವು ಕಲಿಯೋ ಪಾಠ

ಇವತ್ತು ಬೆಳೆ ವಿಷಯ ಅಲ್ಲ, ಒಂದು ಮನೆ ವಿಷಯ ಬರೀತೀನಿ.

ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಹೆಸರು ಕೇಳಿರ್ತೀರಿ. ರಷ್ಯಾದ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಮತ್ತು ಬಾಂಬೆ ಟಾಕೀಸ್‌ನ ನಟಿ ದೇವಿಕಾ ರಾಣಿ 1945ರಲ್ಲಿ ಮದುವೆಯಾಗಿ, ಆಮೇಲೆ ಬೆಂಗಳೂರಿಗೆ ಬಂದು ಅಲ್ಲಿ ನೆಲೆ ನಿಂತರು. ಸುಮಾರು 468 ಎಕರೆ. ಅದರೊಳಗೆ ಮನೆ, ಚಿತ್ರ ಬರೆಯೋ ಕೋಣೆ, ಸುತ್ತ ಲಿನಾಲೋ ಮರಗಳು. ಮೆಕ್ಸಿಕೊದಿಂದ ಬಂದ ಮರ ಅದು. ನಮ್ಮ ಕಡೆ ಅದರ ಕಾಯಿ ಸಿಪ್ಪೆಯಿಂದ ಸುಗಂಧದ ಎಣ್ಣೆ ತೆಗೀತಾರೆ. ಅಂದರೆ ದೊಡ್ಡೋರ ಬಂಗಲೆ ಅಂದ್ಕೊಂಡರೂ ಅದು ಬೆಳೆ ಇದ್ದ ತೋಟದ ಮನೆಯೇ.

ಆ ಬೆಳೆಯೇ ಜಮೀನನ್ನೂ ಕಾಪಾಡಿತ್ತು. ಭೂ ಸುಧಾರಣಾ ಕಾಯ್ದೆಯಲ್ಲಿ ಲಿನಾಲೋ ಜಮೀನಿಗೆ ಮಿತಿಯಿಂದ ವಿನಾಯಿತಿ ಇತ್ತು. ಇಲ್ಲದಿದ್ರೆ ಅಷ್ಟು ಎಕರೆ ಒಂದೇ ಮನೆತನದ ಕೈಲಿ ಉಳೀತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ರೋರಿಚ್ 1993ರ ಜನವರಿಯಲ್ಲಿ ತೀರಿಕೊಂಡರು. 1994ರ ಮಾರ್ಚ್ 8ಕ್ಕೆ ಸರ್ಕಾರ ಆ ವಿನಾಯಿತಿ ವಾಪಸ್ ಪಡೀತು. ಮಾರನೇ ದಿನವೇ ದೇವಿಕಾ ರಾಣಿಯವರೂ ಹೋದರು. ಕ್ರಯಪತ್ರ ಹಿಡಿದು ಒಂದು ಕಂಪನಿ ಬಂತು, ಇನ್ನೂ ಬೇರೆಯವರು ಹಕ್ಕು ಕೇಳಿದರು. 1996ರಲ್ಲಿ ಸರ್ಕಾರ ಆ ಎಸ್ಟೇಟಿಗೇ ಅಂತ ಪ್ರತ್ಯೇಕ ಕಾಯ್ದೆ ಮಾಡಿ ವಶಕ್ಕೆ ತಗೊಳ್ತು. ಪರಿಹಾರ 5 ಕೋಟಿ ಅಂತ ಕಾಯ್ದೆಯಲ್ಲೇ ಬರೆದಿತ್ತು. ಭಾಗಿಸಿ ನೋಡಿ, ಎಕರೆಗೆ ಒಂದು ಲಕ್ಷ ಚಿಲ್ಲರೆ.

ಕೇಸು ಸುಪ್ರೀಂ ಕೋರ್ಟ್ ಐವರು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯ್ತು. 2011ರ ಆಗಸ್ಟ್‌ನಲ್ಲಿ ಕಾಯ್ದೆ ಸರಿ ಅಂತ ತೀರ್ಪು ಬಂತು. ಆದರೆ ಅದೇ ತೀರ್ಪಲ್ಲಿ ನಮಗೆ ಬೇಕಾದ ಮಾತೂ ಇದೆ. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳೋ ಹಾಗಿಲ್ಲ, ಪರಿಹಾರ ಕೇಳೋ ಹಕ್ಕು ಸಂವಿಧಾನದ 300ಎ ವಿಧಿಯೊಳಗೇ ಇದೆ ಅಂತ. ಜಮೀನು ಲೇಔಟಿಗೋ ರಸ್ತೆಗೋ ಹೋಗುತ್ತೆ ಅಂತ ನೋಟಿಸ್ ಬಂದೋರು ವಕೀಲರ ಹತ್ರ ಈ ತೀರ್ಪು ಕೇಳಿ. ಕೆ.ಟಿ. ಪ್ಲಾಂಟೇಶನ್ ಕೇಸು ಅಂದರೆ ಗೊತ್ತಾಗುತ್ತೆ.

ಅಷ್ಟು ಹೆಸರು, ಅಷ್ಟು ಓದು, ದೊಡ್ಡ ದೊಡ್ಡೋರ ಪರಿಚಯ ಇದ್ದ ಮನೆಯ ಗತಿನೇ ಹೀಗಾದರೆ, ಶೆಟ್ಟಿಹಳ್ಳಿ, ಜಾಲಹಳ್ಳಿ ಸುತ್ತಿನ ನಮ್ಮ ತೊಟ್ಟಿ ಮನೆಗಳ ಕಥೆ ಏನು? ಎಷ್ಟೋ ಮನೆಗಳ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಭಾಗ ಮಾಡ್ಕೊಂಡಿದ್ದಾರೆ, ಪೋಡಿ ಆಗಿಲ್ಲ. ಅಕ್ಕತಂಗಿಯರಿಗೂ ಸಮಪಾಲಿದೆ ಅನ್ನೋದು ಸೈಟಿನವನು ಅಡ್ವಾನ್ಸ್ ತಂದಾಗಲೇ ನೆನಪಾಗೋದು. ಮಾಡು ಸೋರಿದರೆ ಹೆಂಚು ಹಾಕಬಹುದು. ಕಾಗದ ಸೋರಿದರೆ ಹಾಕೋ ಹೆಂಚಿಲ್ಲ.

ಹಿರಿಯರು ಗಟ್ಟಿಯಾಗಿದ್ದಾಗಲೇ ಎಲ್ಲರೂ ಕೂತು ಮಾತಾಡಿ. ಪೌತಿ ಖಾತೆ ಮಾಡಿಸಿ, ವಿಭಾಗಪತ್ರ ರಿಜಿಸ್ಟರ್ ಮಾಡಿಸಿ. ಸ್ವಂತ ಗಳಿಕೆ ಆದರೆ ಉಯಿಲು ಬರೆಸಿ, ಸಬ್ ರಿಜಿಸ್ಟ್ರಾರ್ ಹತ್ರ ನೋಂದಾಯಿಸಿ. ಕೇಳೋಕೆ ಸಂಕೋಚ ಆಗುತ್ತೆ, ಸಾಯೋ ಮಾತು ಯಾಕೆ ಅಂತ ಹಿರಿಯರಿಗೂ ಬೇಜಾರಾಗುತ್ತೆ. ಆದರೂ ಕೇಳಿ. ಕೋರ್ಟಲ್ಲಿ ಹದಿನೈದು ವರ್ಷ ಅಲೆಯೋದಕ್ಕಿಂತ ಒಂದು ದಿನದ ಬೇಜಾರು ವಾಸಿ.